ಅಂಕಿಗಳಾದ ಬೆಳಕು

ಕಳೆದ ವರ್ಷ ಆಷಾಢದ ಒಂದು ಮಧ್ಯಾಹ್ನ, ಸಾಗರದಲ್ಲಿ ಮಳೆ ಹಿಡಿದು ಬಿಡದೆ ಹೊಯ್ಯುತ್ತಿದ್ದಾಗ, ನನ್ನ ತರಗತಿಯ ವಿದ್ಯಾರ್ಥಿನಿಯೊಬ್ಬಳು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿದ್ದ ಒಂದು ಹಳೆಯ ಛಾಯಾಚಿತ್ರವನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಅಂಗೈಯಗಲದ ಕಪ್ಪು ಬಿಳುಪಿನ ಚಿತ್ರ ಅದು. ಕಾಲಕ್ರಮದಲ್ಲಿ ಕಪ್ಪು ಕಂದಾಗಿ, ಬಿಳುಪು ಹಳದಿಯಾಗಿ, ಎರಡೂ ಒಂದರೊಳಗೊಂದು ಕರಗಿದಂತೆ ಮಸುಕಾಗಿದ್ದುವು. ಹೆಂಚಿನ ಮನೆಯೊಂದರ ಅಂಗಳದಲ್ಲಿ ಏಳೆಂಟು ಮಂದಿ ನಿಂತಿದ್ದರು. ಆ ಮನೆ ಈಗ ಇಲ್ಲ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ಹಿಂದಕ್ಕೆ ಏರಿದಾಗ, ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳೊಡನೆ ಅದೂ ಮುಳುಗಿತು. ಚಿತ್ರದಲ್ಲಿದ್ದ ಹತ್ತು ವರ್ಷದ ಹುಡುಗಿಯೇ ಈ ವಿದ್ಯಾರ್ಥಿನಿಯ ಅಜ್ಜಿ. ಮುಳುಗಿದ ಮನೆಯ ನೆನಪಿಗೆ ಆ ಕುಟುಂಬದಲ್ಲಿ ಉಳಿದಿದ್ದುದು ಇದೊಂದೇ ಕಾಗದ.

"ಸರ್, ಬಾಗಿಲಿನ ಕತ್ತಲೆಯಲ್ಲಿ ಯಾರೋ ನಿಂತ ಹಾಗೆ ಕಾಣುತ್ತೆ. ಅದು ತನ್ನ ಅಮ್ಮ ಅಂತ ಅಜ್ಜಿ ಹೇಳ್ತಾರೆ. ಕಂಪ್ಯೂಟರಿನಲ್ಲಿ ತಿದ್ದಿದರೆ ಮುಖ ಕಾಣಬಹುದಾ?" ಎಂದು ಆಕೆ ಕೇಳಿದಳು.

ಇಂದು ಮೊಬೈಲು ಇರುವವರೆಲ್ಲರೂ ಚಿತ್ರ ತೆಗೆಯುತ್ತಾರೆ. ತೆಗೆದವರೆಲ್ಲರೂ ಅದನ್ನು ಒಂದಿಷ್ಟು ತಿದ್ದುತ್ತಾರೆ. ತೆರೆಯ ಮೇಲಿನ ಗುಂಡಿಯನ್ನು ಬೆರಳಿನಿಂದ ಅತ್ತಿತ್ತ ಎಳೆದರೆ ಕತ್ತಲೆ ಬೆಳಕಾಗುತ್ತದೆ, ಬಣ್ಣ ಏರುತ್ತದೆ. ಆದರೆ ಆಗ ನಿಜವಾಗಿ ನಡೆಯುವುದೇನು? ತಿದ್ದುವಿಕೆಯಿಂದ ಏನು ದೊರೆಯುತ್ತದೆ, ಏನು ದೊರೆಯಲಾರದು? ಆ ಹುಡುಗಿಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೊದಲು ಇದನ್ನು ತಿಳಿಯಬೇಕು. ಪ್ರೌಢಶಾಲೆಯ ಗಣಿತವಷ್ಟನ್ನೇ ಬಲ್ಲವರೂ ಇದನ್ನು ಸುಲಭವಾಗಿ ಅರಿಯಬಹುದು.

ಚೊಂಬುಗಳ ಸಾಲು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆಂದು ಹೇಳುತ್ತೇವೆ. ಬಯಲಿನಲ್ಲಿ ಒಂದು ಮಳೆಮಾಪಕವನ್ನಿಟ್ಟು, ಅದರಲ್ಲಿ ತುಂಬಿದ ನೀರನ್ನು ಅಳೆದು ಈ ಅಂಕಿಯನ್ನು ಪಡೆಯುತ್ತಾರೆ. ಈಗ ಒಂದು ಮಾಪಕದ ಬದಲು ಮನೆಯಂಗಳದ ತುಂಬ ಒಂದೇ ಅಳತೆಯ ಚೊಂಬುಗಳನ್ನು ಸಾಲುಸಾಲಾಗಿ ಒತ್ತಿ ಇಟ್ಟಿದ್ದೇವೆಂದು ಭಾವಿಸೋಣ. ಮರದ ಕೆಳಗಿನ ಚೊಂಬಿನಲ್ಲಿ ನೀರು ಕಡಿಮೆ, ಸೂರಿನ ನೀರು ಸುರಿಯುವಲ್ಲಿ ಹೆಚ್ಚು, ಬಯಲಿನಲ್ಲಿ ನಡುವಣ ಅಳತೆ. ಪ್ರತಿಯೊಂದು ಚೊಂಬಿನ ನೀರನ್ನೂ ಅಳೆದು, ಸಾಲು ತಪ್ಪದಂತೆ ಪಟ್ಟಿ ಬರೆದರೆ, ಅಂಗಳವನ್ನೇ ನೋಡದವನೂ ಆ ಪಟ್ಟಿಯಿಂದ ಮರ ಎಲ್ಲಿದೆ, ಸೂರು ಎಲ್ಲಿದೆ ಎಂದು ಹೇಳಬಲ್ಲ.

ಡಿಜಿಟಲ್ ಕೆಮರಾದ ಕೆಲಸ ಇದೇ. ಮಸೂರದ ಹಿಂದೆ, ಮೊದಲು ಬೆಳ್ಳಿಯ ಲವಣವನ್ನು ಲೇಪಿಸಿದ ಫಿಲ್ಮು ಇರುತ್ತಿದ್ದ ಜಾಗದಲ್ಲಿ, ಈಗ ಸಿಲಿಕಾನಿನ ಒಂದು ಚಿಕ್ಕ ಬಿಲ್ಲೆ ಇದೆ. ಅದರ ಮೈ ಚದುರಂಗದ ಮಣೆಯಂತೆ ಲಕ್ಷಾಂತರ ಮನೆಗಳಾಗಿ ವಿಂಗಡವಾಗಿದೆ. ಬೆಳಕಿನ ಕಣವಾದ ಫೋಟಾನು ಒಂದು ಮನೆಯೊಳಗೆ ಬಿದ್ದು ಹೀರಲ್ಪಟ್ಟಾಗ, ಸಿಲಿಕಾನಿನಲ್ಲಿ ಬಂಧಿತವಾಗಿದ್ದ ಒಂದು ಇಲೆಕ್ಟ್ರಾನು ಬಿಡುಗಡೆ ಹೊಂದಿ ಅಲ್ಲೇ ಸಂಗ್ರಹವಾಗುತ್ತದೆ. ಹೆಚ್ಚು ಬೆಳಕು ಬಿದ್ದ ಮನೆಯಲ್ಲಿ ಹೆಚ್ಚು ಇಲೆಕ್ಟ್ರಾನುಗಳು, ನೆರಳು ಬಿದ್ದ ಮನೆಯಲ್ಲಿ ಕಡಿಮೆ. ಚಿತ್ರ ತೆಗೆದು ಮುಗಿದೊಡನೆ ಯಂತ್ರವು ಒಂದೊಂದು ಮನೆಯ ವಿದ್ಯುದಂಶವನ್ನೂ ಅಳೆದು ಅದನ್ನು ಅಂಕಿಯಾಗಿ ಬರೆದಿಡುತ್ತದೆ.

ಆದರೆ ಸಿಲಿಕಾನಿನ ಮನೆಗೆ ಬಣ್ಣದ ಭೇದ ತಿಳಿಯದು. ಆದುದರಿಂದ ಪ್ರತಿ ಮನೆಯ ಮೇಲೂ ಕೆಂಪು, ಹಸುರು ಅಥವಾ ನೀಲಿ ಬಣ್ಣದ ಒಂದು ಸಣ್ಣ ಸೋಸುಗಾಜನ್ನು ಹೊದಿಸಿರುತ್ತಾರೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬಾತ ೧೯೭೬ರಲ್ಲಿ ಹಕ್ಕುಪತ್ರ ಪಡೆದ ಜೋಡಣೆಯಂತೆ, ನಾಲ್ಕು ಮನೆಗಳಲ್ಲಿ ಎರಡು ಹಸುರು, ಒಂದು ಕೆಂಪು, ಒಂದು ನೀಲಿ. ನಮ್ಮ ಕಣ್ಣು ಹಸುರಿನ ಆಸುಪಾಸಿನ ಬೆಳಕಿಗೆ ಹೆಚ್ಚು ಸೂಕ್ಷ್ಮವಾಗಿರುವುದರಿಂದ ಹಸುರಿಗೆ ಎರಡು ಪಾಲು. ಅಕ್ಕಪಕ್ಕದ ಮನೆಗಳ ಅಳತೆಯಿಂದ ಲೆಕ್ಕ ಹಾಕಿ ಕೊನೆಗೆ ಪ್ರತಿಯೊಂದು ಬಿಂದುವಿಗೂ ಮೂರು ಅಂಕಿಗಳನ್ನು ಕೊಡಲಾಗುತ್ತದೆ. ಈ ಬಿಂದುವಿಗೆ ಪಿಕ್ಸೆಲ್ ಎಂದು ಹೆಸರು.

ಸಾಮಾನ್ಯವಾಗಿ ಒಂದೊಂದು ಅಂಕಿಯೂ ೦ಯಿಂದ ೨೫೫ರ ವರೆಗೆ ಇರುತ್ತದೆ. ೦ ಎಂದರೆ ಪೂರ್ಣ ಕತ್ತಲೆ, ೨೫೫ ಎಂದರೆ ಯಂತ್ರ ಗುರುತಿಸಬಲ್ಲ ಪರಮಾವಧಿ ಬೆಳಕು. ಒಂದು ಬಣ್ಣಕ್ಕೆ ೨೫೬ ಮೆಟ್ಟಿಲುಗಳಾದರೆ ಮೂರು ಬಣ್ಣಗಳ ಕೂಡಿಕೆಯಿಂದ ೧,೬೭,೭೭,೨೧೬ ವರ್ಣಗಳು ಸಾಧ್ಯ. ಅಡ್ಡಕ್ಕೆ ೪೦೦೦, ಉದ್ದಕ್ಕೆ ೩೦೦೦ ಬಿಂದುಗಳುಳ್ಳ ಚಿತ್ರವೆಂದರೆ ೧ ಕೋಟಿ ೨೦ ಲಕ್ಷ ಬಿಂದುಗಳ, ಅಂದರೆ ೩ ಕೋಟಿ ೬೦ ಲಕ್ಷ ಅಂಕಿಗಳ ಒಂದು ಪಟ್ಟಿ. ನಾವು ಚಿತ್ರವೆಂದು ಕರೆಯುವುದು ಈ ಪಟ್ಟಿಯನ್ನೇ.

ಈ ವಿದ್ಯೆ ತೀರ ಹೊಸದಲ್ಲ. ಅಮೆರಿಕದ ರಸೆಲ್ ಕಿರ್ಷ್ ೧೯೫೭ರಲ್ಲಿ ತನ್ನ ಎಳೆಯ ಮಗುವಿನ ಛಾಯಾಚಿತ್ರವೊಂದನ್ನು ಅಂಕಿಗಳಾಗಿ ಗಣಕಯಂತ್ರಕ್ಕೆ ಊಡಿದ. ಅದರಲ್ಲಿ ಅಡ್ಡಕ್ಕೆ ೧೭೬, ಉದ್ದಕ್ಕೆ ೧೭೬ ಬಿಂದುಗಳಷ್ಟೇ ಇದ್ದುವು. ಬೆಳಕನ್ನು ವಿದ್ಯುತ್ತಾಗಿ ಸಂಗ್ರಹಿಸುವ ಸಿಲಿಕಾನ್ ಬಿಲ್ಲೆಯೊಂದರ ಕಲ್ಪನೆಯನ್ನು ೧೯೬೯ರಲ್ಲಿ ಬೆಲ್ ಪ್ರಯೋಗಾಲಯದ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಮುಂದಿಟ್ಟರು. ೨೦೦೯ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಕೈಯಲ್ಲಿ ಹಿಡಿಯಬಹುದಾದ ಮೊದಲ ಡಿಜಿಟಲ್ ಕೆಮರಾವನ್ನು ೧೯೭೫ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಜೋಡಿಸಿದ. ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆದುಕೊಳ್ಳಲು ಅದಕ್ಕೆ ೨೩ ಸೆಕೆಂಡುಗಳು ಹಿಡಿಯುತ್ತಿದ್ದುವು.

ಅಡಕೆಯ ರಾಶಿಗಳು

ಚಿತ್ರವು ಅಂಕಿಗಳ ಪಟ್ಟಿಯೆಂದಾದ ಮೇಲೆ, ತಿದ್ದುವುದೆಂದರೆ ಆ ಅಂಕಿಗಳನ್ನು ಒಂದು ನಿಯಮದಂತೆ ಬದಲಿಸುವುದು ಎಂದು ತಾನಾಗಿಯೇ ಸ್ಪಷ್ಟವಾಗುತ್ತದೆ. ಬದಲಿಸುವ ಮೊದಲು ಪಟ್ಟಿಯಲ್ಲಿ ಏನಿದೆಯೆಂದು ನೋಡಬೇಕಷ್ಟೆ.

ಶಿವಮೊಗ್ಗೆಯ ಮಂಡಿಗೆ ಹೋಗುವ ಅಡಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರ್ಪಡಿಸಿ ಗುಡ್ಡೆ ಹಾಕುವುದನ್ನು ನಮ್ಮ ಸೀಮೆಯವರು ಬಲ್ಲರು. ಗುಡ್ಡೆಗಳ ಎತ್ತರವನ್ನು ನೋಡಿದರೆ ಸಾಕು, ಆ ವರ್ಷದ ಫಸಲಿನ ಗುಣ ತಿಳಿಯುತ್ತದೆ. ಚಿತ್ರದ ಬಿಂದುಗಳನ್ನೂ ಹಾಗೆಯೇ, ಅಂಕಿ ೦ ಇದ್ದವು ಒಂದು ಕಡೆ, ೧ ಇದ್ದವು ಅದರ ಪಕ್ಕದಲ್ಲಿ, ಹೀಗೆ ೨೫೬ ಗುಡ್ಡೆಗಳಾಗಿ ಹಾಕಿದರೆ ದೊರೆಯುವ ಚಿತ್ರಣಕ್ಕೆ ಹಿಸ್ಟೊಗ್ರಾಮ್ ಎಂದು ಹೆಸರು. ಜಿಂಪ್ ಎಂಬ ಉಚಿತ ತಂತ್ರಾಂಶದಲ್ಲಿಯೂ ಬಹುತೇಕ ಇತರ ತಂತ್ರಾಂಶಗಳಲ್ಲಿಯೂ ಇದನ್ನು ನೋಡಬಹುದು. ಗುಡ್ಡೆಗಳೆಲ್ಲ ಎಡಗಡೆಗೆ ಒತ್ತಿಕೊಂಡಿದ್ದರೆ ಚಿತ್ರ ಕತ್ತಲೆ. ಬಲಗಡೆಗೆ ಒತ್ತಿಕೊಂಡಿದ್ದರೆ ಬೆಳಕು ಅತಿಯಾಗಿದೆ. ನಡುವೆ ಗುಂಪುಗೂಡಿದ್ದರೆ ಚಿತ್ರ ಮಸುಕು.

ಹುಡುಗಿ ತಂದ ಚಿತ್ರವನ್ನು ಕಿಟಕಿಯ ಸಮ ಬೆಳಕಿನಲ್ಲಿ ನಕಲು ತೆಗೆದು ನೋಡಿದಾಗ ಗುಡ್ಡೆಗಳೆಲ್ಲ ೯೦ ಮತ್ತು ೧೯೦ರ ನಡುವೆಯೇ ಇದ್ದುವು. ಅಂದರೆ ಅತ್ಯಂತ ಕಪ್ಪು ಭಾಗದ ಅಂಕಿ ೯೦, ಅತ್ಯಂತ ಬಿಳಿಯ ಭಾಗದ ಅಂಕಿ ೧೯೦. ಇಂಥಲ್ಲಿ ಮಾಡಬೇಕಾದುದೇನು?

ಬ್ರೈಟ್‌ನೆಸ್ ಎಂಬ ಗುಂಡಿಯನ್ನು ಎಳೆದರೆ ಸ್ಥೂಲವಾಗಿ ಎಲ್ಲ ಅಂಕಿಗಳಿಗೂ ಒಂದೇ ಸಂಖ್ಯೆ ಕೂಡುತ್ತದೆ. ಗುಡ್ಡೆಗಳ ಸಾಲು ಬಲಕ್ಕೆ ಸರಿಯುತ್ತದೆಯೇ ಹೊರತು ಹರಡುವುದಿಲ್ಲ. ಕಾಂಟ್ರಾಸ್ಟ್ ಎಂಬ ಗುಂಡಿಯು ನಡುವಣ ೧೨೮ರಿಂದ ಪ್ರತಿ ಅಂಕಿಯ ದೂರವನ್ನು ಹೆಚ್ಚಿಸುತ್ತದೆ; ಆಗ ಗುಡ್ಡೆಗಳು ಎರಡು ಕಡೆಗೂ ಹರಡುತ್ತವೆ. ನಮಗೆ ಬೇಕಾದುದನ್ನು ಇನ್ನೂ ಖಚಿತವಾಗಿ ಮಾಡುವುದು ಲೆವೆಲ್ಸ್ ಎಂಬ ಉಪಕರಣ. ಅದರ ನಿಯಮ ಸರಳ: ಹಳೆಯ ಅಂಕಿಯಿಂದ ೯೦ನ್ನು ಕಳೆ, ೧೦೦ರಿಂದ ಭಾಗಿಸು, ೨೫೫ರಿಂದ ಗುಣಿಸು. ಆಗ ೯೦ ಇದ್ದುದು ೦ ಆಗುತ್ತದೆ, ೧೯೦ ಇದ್ದುದು ೨೫೫ ಆಗುತ್ತದೆ, ನಡುವಣ ೧೪೦ ಇದ್ದುದು ಸುಮಾರು ೧೨೮ ಆಗುತ್ತದೆ. ಕಪ್ಪು ಮತ್ತೆ ಕಪ್ಪಾಗಿ, ಬಿಳುಪು ಮತ್ತೆ ಬಿಳುಪಾಗಿ ಕಾಣುತ್ತದೆ. ಅಂಗಳದಲ್ಲಿ ನಿಂತವರ ಮುಖಗಳು, ಹೆಂಚಿನ ಸಾಲುಗಳು, ಜಗುಲಿಯ ಕಂಬಗಳು ತೆರೆಯ ಮೇಲೆ ಎದ್ದು ಬಂದಾಗ ಹುಡುಗಿಗೆ ಆದ ಸಂತೋಷವನ್ನು ನಾನು ವರ್ಣಿಸಬೇಕಾಗಿಲ್ಲ.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಮೊದಲು ೧೦೧ ಮೆಟ್ಟಿಲುಗಳಿದ್ದುವು. ಹಿಗ್ಗಿಸಿದ ಮೇಲೂ ಇರುವುದು ಅಷ್ಟೇ ಮೆಟ್ಟಿಲುಗಳು. ಅವುಗಳ ನಡುವಣ ಅಂತರ ಮಾತ್ರ ಹೆಚ್ಚಿದೆ. ಹೊಸ ಮಾಹಿತಿ ಒಂದಿಷ್ಟೂ ಹುಟ್ಟಿಲ್ಲ. ಇದ್ದ ಮಾಹಿತಿ ಕಣ್ಣಿಗೆ ಕಾಣುವಂತಾಗಿದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಬಾಗಿಲಿನ ಕತ್ತಲೆಗೆ ಇಷ್ಟೇ ಸಾಲದು. ಅಲ್ಲಿಯ ಅಂಕಿಗಳು ಮೊದಲು ೯೦ರಿಂದ ೧೦೦ರ ವರೆಗೆ ಇದ್ದುವು. ಹಿಗ್ಗಿಸಿದ ಮೇಲೆ ೦ಯಿಂದ ಸುಮಾರು ೨೫ರ ವರೆಗೆ ಬಂದುವು. ಇನ್ನೂ ಕತ್ತಲೆಯೇ. ಎಲ್ಲಕ್ಕೂ ಒಂದೇ ಸಂಖ್ಯೆಯನ್ನು ಕೂಡಿದರೆ ಅಂಗಳದ ಬಿಳುಪು ಕೆಡುತ್ತದೆ. ಇದಕ್ಕೆ ಬೇಕಾದುದು ಬಾಗಿದ ರೇಖೆಯ ನಿಯಮ. ಅಂಕಿಯನ್ನು ೨೫೫ರಿಂದ ಭಾಗಿಸಿ, ವರ್ಗಮೂಲ ತೆಗೆದು, ಮತ್ತೆ ೨೫೫ರಿಂದ ಗುಣಿಸಿ ನೋಡಿ. ೦ಯು ೦ ಆಗಿಯೇ ಉಳಿಯುತ್ತದೆ, ೨೫೫ ಕೂಡ ಕದಲುವುದಿಲ್ಲ. ಆದರೆ ೧೬ ಇದ್ದುದು ೬೪ ಆಗುತ್ತದೆ, ೨೫ ಇದ್ದುದು ೮೦ ಆಗುತ್ತದೆ, ೬೪ ಇದ್ದುದು ೧೨೮ ಆಗುತ್ತದೆ. ಕತ್ತಲೆಯ ಭಾಗ ಹೆಚ್ಚು ಏರುತ್ತದೆ, ಬೆಳಕಿನ ಭಾಗ ಕಡಿಮೆ ಏರುತ್ತದೆ. ತಂತ್ರಾಂಶಗಳಲ್ಲಿ ಗಾಮಾ ಅಥವಾ ಕರ್ವ್ಸ್ ಎಂದು ಕಾಣುವುದು ಈ ಬಗೆಯ ನಿಯಮ. ನಮ್ಮ ಕಣ್ಣೂ ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತದೆ. ಕತ್ತಲೆಯ ಕೋಣೆಯಲ್ಲಿ ಉರಿಯುವ ಒಂದು ಹಣತೆಯ ಪಕ್ಕದಲ್ಲಿ ಎರಡನೆಯದನ್ನು ಹಚ್ಚಿದರೆ ವ್ಯತ್ಯಾಸ ಎದ್ದು ತೋರುತ್ತದೆ. ನೂರು ಹಣತೆಗಳ ದೀಪೋತ್ಸವದಲ್ಲಿ ಇನ್ನೊಂದನ್ನು ಹಚ್ಚಿದರೆ ಯಾರಿಗೂ ತಿಳಿಯದು.

ಜೋಗದ ಬಿಳುಪು

ಕತ್ತಲೆಯನ್ನು ಎತ್ತಬಹುದಾದರೆ ಅತಿಯಾದ ಬಿಳುಪನ್ನು ಇಳಿಸಬಹುದಲ್ಲವೆ? ಇದಕ್ಕೆ ಉತ್ತರ ಬೇಕಾದವರು ಮಳೆಗಾಲದಲ್ಲಿ ಜೋಗಕ್ಕೆ ಹೋಗಿ ಬರಬೇಕು. ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳು ೨೫೩ ಮೀಟರುಗಳ ಆಳಕ್ಕೆ ಧುಮುಕುವಾಗ ನೀರು ಹಾಲಿನ ನೊರೆ, ಹಿಂದಿನ ಬಂಡೆ ನೆನೆದ ಕರಿಗಲ್ಲು. ಮೊಬೈಲು ಬಂಡೆಯ ಕತ್ತಲೆಯನ್ನು ನೋಡಿ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಆಗ ನೀರಿನ ಭಾಗದಲ್ಲಿ ಸಿಲಿಕಾನಿನ ಮನೆಗಳು ತುಂಬಿ ಹೋಗುತ್ತವೆ. ತುಂಬಿದ ಚೊಂಬಿನ ಮೇಲೆ ಒಂದು ತಾಸು ಮಳೆ ಸುರಿದರೂ, ಎರಡು ತಾಸು ಸುರಿದರೂ ಅಳತೆ ಒಂದೇ.

ಅಂಕಿಗಳಲ್ಲಿ ನೋಡೋಣ. ಧಾರೆಯ ಒಂದು ಎಳೆಯ ಅಂಕಿ ೨೩೦, ಪಕ್ಕದ ಎಳೆಯದು ೨೫೦ ಇರಲಿ. ಎರಡಕ್ಕೂ ೪೦ ಕೂಡಿದರೆ ೨೭೦ ಮತ್ತು ೨೯೦ ಆಗಬೇಕು. ಆದರೆ ೨೫೫ರ ಮೇಲೆ ಅಂಕಿಯಿಲ್ಲ. ಎರಡೂ ೨೫೫ ಆಗುತ್ತವೆ. ಈಗ ತಪ್ಪು ತಿಳಿದು ೪೦ ಕಳೆದರೆ ಎರಡೂ ೨೧೫ ಆಗುತ್ತವೆಯೇ ಹೊರತು ಮೊದಲಿನ ೨೩೦, ೨೫೦ ಮರಳುವುದಿಲ್ಲ. ಬಿಳಿಯ ನೀರು ಬೂದು ಬಣ್ಣದ ಬಟ್ಟೆಯಂತಾಗುತ್ತದೆ; ಧಾರೆಯ ಎಳೆಗಳು ಹೋದವು ಹೋದವೇ. ಆದುದರಿಂದ ಇಂಥ ದೃಶ್ಯವನ್ನು ತೆಗೆಯುವಾಗಲೇ ಸ್ವಲ್ಪ ಕಡಿಮೆ ಬೆಳಕಿನಲ್ಲಿ ತೆಗೆಯುವುದು ಜಾಣತನ. ನೆರಳಿನಲ್ಲಿ ಅಡಗಿದುದನ್ನು ಅನಂತರ ಒಂದಿಷ್ಟಾದರೂ ಎತ್ತಬಹುದು. ತುಂಬಿ ಚೆಲ್ಲಿದುದನ್ನು ಮರಳಿ ತುಂಬಲಾಗದು.

ಹಾಗೆಂದು ನೆರಳನ್ನು ಎಷ್ಟು ಬೇಕಾದರೂ ಎತ್ತಬಹುದೆ? ಇಕ್ಕೇರಿಯ ಅಘೋರೇಶ್ವರ ದೇವಾಲಯದ ಒಳಗಿನ ಮಬ್ಬಿನಲ್ಲಿ ತೆಗೆದ ಚಿತ್ರವನ್ನು ಬೆಳಗಿಸಿ ನೋಡಿದರೆ ಕಲ್ಲಿನ ಮೇಲೆ ಮರಳು ಚೆಲ್ಲಿದಂತೆ ಚುಕ್ಕೆಗಳು ಏಳುತ್ತವೆ. ಇದು ಯಂತ್ರದ ದೋಷವಷ್ಟೇ ಅಲ್ಲ; ಬೆಳಕಿನ ಸ್ವಭಾವವೇ ಹಾಗೆ. ಫೋಟಾನುಗಳು ಮಳೆಯ ಹನಿಗಳಂತೆ ಬಿಡಿಬಿಡಿಯಾಗಿ, ಕ್ರಮವಿಲ್ಲದೆ ಬೀಳುತ್ತವೆ. ಒಂದು ಮನೆಗೆ ಸರಾಸರಿ ೧೦೦ ಬೀಳಬೇಕಾದಲ್ಲಿ ಒಮ್ಮೆ ೯೦, ಒಮ್ಮೆ ೧೧೦ ಬೀಳಬಹುದು. ಏರುಪೇರು ಸರಾಸರಿಯ ವರ್ಗಮೂಲದಷ್ಟು, ಅಂದರೆ ೧೦ರಷ್ಟು, ಶೇಕಡ ೧೦. ಸರಾಸರಿ ೧೦,೦೦೦ ಬೀಳುವಲ್ಲಿ ಏರುಪೇರು ೧೦೦ರಷ್ಟು, ಶೇಕಡ ೧ ಮಾತ್ರ. ಕತ್ತಲೆಯ ಭಾಗವನ್ನು ಗುಣಿಸಿ ಎತ್ತಿದಾಗ ಚಿತ್ರದೊಡನೆ ಈ ಏರುಪೇರನ್ನೂ ಎತ್ತುತ್ತೇವೆ. ಒಂದೇ ದೃಶ್ಯದ ಹಲವು ಚಿತ್ರಗಳನ್ನು ತೆಗೆದು ಸರಾಸರಿ ಕಂಡರೆ ಏರುಪೇರು ತಗ್ಗುತ್ತದೆ: ೧೬ ಚಿತ್ರಗಳ ಸರಾಸರಿಯಲ್ಲಿ ಅದು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಮೊಬೈಲುಗಳ ರಾತ್ರಿಚಿತ್ರದ ಗುಟ್ಟು ಬಹುಮಟ್ಟಿಗೆ ಇದೇ.

ಬಣ್ಣದ ತಕ್ಕಡಿ

ಬಿಳಿಯ ಕಾಗದವನ್ನು ಬಿಸಿಲಿನಲ್ಲಿ ಹಿಡಿದರೂ, ಅಡಕೆ ತೋಟದ ನೆರಳಿನಲ್ಲಿ ಹಿಡಿದರೂ ನಮಗೆ ಬಿಳಿಯಾಗಿಯೇ ಕಾಣುತ್ತದೆ. ಆದರೆ ತೋಟದೊಳಗೆ ಸೋಗೆಗಳಿಂದ ಸೋಸಿ ಬರುವ ಬೆಳಕು ಹಸುರು ಛಾಯೆಯದು. ಕಣ್ಣೂ ಮೆದುಳೂ ಸೇರಿ ಆ ಛಾಯೆಯನ್ನು ನಮಗರಿಯದಂತೆ ಕಳೆದುಬಿಡುತ್ತವೆ. ಕೆಮರಾಕ್ಕೆ ಆ ವಿವೇಕವಿಲ್ಲ; ಅದು ಬಿದ್ದ ಬೆಳಕನ್ನು ಅಳೆಯುತ್ತದೆ. ಅಲ್ಲಿ ಬಿಳಿಯ ಕಾಗದದ ಅಂಕಿಗಳು ಕೆಂಪು ೧೬೦, ಹಸುರು ೨೦೦, ನೀಲಿ ೧೬೦ ಎಂದು ಬಂದುವೆನ್ನೋಣ. ಬಿಳಿ ಎಂದರೆ ಮೂರೂ ಸಮ. ಆದುದರಿಂದ ಚಿತ್ರದಾದ್ಯಂತ ಕೆಂಪನ್ನೂ ನೀಲಿಯನ್ನೂ ೧.೨೫ರಿಂದ ಗುಣಿಸಿದರೆ ಮೂರೂ ೨೦೦ ಆಗಿ ತಕ್ಕಡಿ ಸರಿಹೋಗುತ್ತದೆ. ವೈಟ್ ಬ್ಯಾಲೆನ್ಸ್ ಎಂದು ಕರೆಯುವುದು ಇದನ್ನೇ.

ಕಾಗದ ಇಲ್ಲದಾಗ ಯಂತ್ರವು ಊಹೆ ಮಾಡುತ್ತದೆ. ದೃಶ್ಯದ ಎಲ್ಲ ಬಣ್ಣಗಳ ಸರಾಸರಿ ಬೂದು ಇರಬೇಕೆಂಬುದು ಇಂಥ ಒಂದು ಸರಳ ಊಹೆ. ಸಾಮಾನ್ಯ ದೃಶ್ಯಗಳಲ್ಲಿ ಇದು ಸರಿಹೋಗುತ್ತದೆ. ಆದರೆ ಆಗುಂಬೆಯ ಸೂರ್ಯಾಸ್ತದಲ್ಲಿ ಮೋಸಹೋಗುತ್ತದೆ. ಮುಳುಗುವ ಸೂರ್ಯನ ಬೆಳಕು ವಾಯುಮಂಡಲದಲ್ಲಿ ಬಹು ದೂರ ಹಾದು ಬರುವುದರಿಂದ ನೀಲಿಯು ಚೆದುರಿ ಹೋಗಿ ಕೆಂಪು ಉಳಿಯುತ್ತದೆ. ಆ ಕೆಂಪೇ ಅಲ್ಲಿಯ ಸತ್ಯ. ಯಂತ್ರ ಅದನ್ನು ತಪ್ಪೆಂದು ಬಗೆದು ಕಳೆದರೆ ಸಂಜೆಯು ಮಧ್ಯಾಹ್ನದಂತೆ ಸಪ್ಪೆಯಾಗುತ್ತದೆ. ಅಂಥಲ್ಲಿ ವೈಟ್ ಬ್ಯಾಲೆನ್ಸನ್ನು ಹಗಲಿನ ಬೆಳಕಿಗೆ, ಅಂದರೆ ಸುಮಾರು ೫೫೦೦ ಕೆಲ್ವಿನ್‌ಗೆ, ನಿಲ್ಲಿಸಿ ಚಿತ್ರ ತೆಗೆಯಬೇಕು.

ಸಂಜೆ ಸಪ್ಪೆಯಾದರೆ ನಷ್ಟವೇನೂ ಇಲ್ಲ. ಆದರೆ ಕೆಲವೆಡೆ ಬಣ್ಣದ ತಪ್ಪು ದುಬಾರಿಯಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹೊಸನಗರ, ತೀರ್ಥಹಳ್ಳಿ, ಸಾಗರ ತಾಲ್ಲೂಕುಗಳ ಅಡಕೆ ತೋಟಗಳನ್ನು ಎಲೆಚುಕ್ಕೆ ರೋಗ ಪೀಡಿಸಿದೆ. ಶಿಲೀಂಧ್ರದಿಂದ ಬರುವ ಈ ರೋಗದಲ್ಲಿ ಸೋಗೆಯ ಮೇಲೆ ಹಳದಿ ಅಂಚಿನ ಕಂದು ಚುಕ್ಕೆಗಳು ಮೂಡಿ, ಬೆಳೆದು, ಒಂದನ್ನೊಂದು ಕೂಡಿಕೊಂಡು ಎಲೆ ಒಣಗುತ್ತದೆ. ಹಳದಿ ಎಲೆ ರೋಗವೆಂಬುದು ಬೇರೆಯೇ ಒಂದು ಪೀಡೆ. ಪೋಷಕಾಂಶದ ಕೊರತೆಯಿಂದಲೂ ಎಲೆ ಹಳದಿಯಾಗಬಹುದು. ರೈತರು ಎಲೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ದೂರದ ತಜ್ಞರಿಗೆ ಕಳಿಸಿ ಸಲಹೆ ಕೇಳುವುದು ಈಗ ರೂಢಿಯಾಗಿದೆ. ಆ ಚಿತ್ರದಲ್ಲಿ ಹಸುರು ಎಷ್ಟು, ಹಳದಿ ಎಷ್ಟು ಎಂಬುದರ ಮೇಲೆ ಔಷಧ ಸಿಂಪಡಣೆಯ ಖರ್ಚು ನಿಂತಿರುತ್ತದೆ.

ಇಲ್ಲಿ ಯಂತ್ರದ ಊಹೆ ಹೇಗೆ ತಪ್ಪಬಹುದೆಂಬುದನ್ನು ನೋಡಿ. ಮೋಡದ ಬಯಲು ಬೆಳಕಿನಲ್ಲಿ ಹಿಡಿದ ಆರೋಗ್ಯವಂತ ಎಲೆಯೊಂದರ ಅಂಕಿಗಳು ಕೆಂಪು ೯೬, ಹಸುರು ೧೨೦, ನೀಲಿ ೫೦ ಇರಲಿ. ಚಿತ್ರದ ತುಂಬ ಎಲೆಯೇ ಇರುವುದನ್ನು ಕಂಡ ಯಂತ್ರವು ಬೆಳಕೇ ಹಸುರೆಂದು ಬಗೆದು ಕೆಂಪನ್ನು ೧.೨೫ರಿಂದ ಗುಣಿಸಿದರೆ ಕೆಂಪು ೧೨೦ ಆಗುತ್ತದೆ. ಕೆಂಪೂ ಹಸುರೂ ಸಮವಾಗಿ, ನೀಲಿ ಕಡಿಮೆಯಾಗಿದ್ದರೆ ನಮ್ಮ ಕಣ್ಣಿಗೆ ಅದು ಹಳದಿ! ಆರೋಗ್ಯವಂತ ಎಲೆಗೆ ಚಿತ್ರದಲ್ಲಿ ರೋಗ ಬಂತು. ಇದಕ್ಕೆ ಪ್ರತಿಯಾಗಿ, ತೋಟ ಅಂದವಾಗಿ ಕಾಣಲೆಂದು ಯಾರಾದರೂ ಹಸುರನ್ನು ಏರಿಸಿದರೆ, ಚುಕ್ಕೆಯ ಸುತ್ತಣ ತೆಳು ಹಳದಿ ಅಂಚು ಮಾಯವಾಗುತ್ತದೆ. ರೋಗ ತೋಟದಲ್ಲಿದ್ದು ಚಿತ್ರದಲ್ಲಿ ಇಲ್ಲವಾಗುತ್ತದೆ. ಆದುದರಿಂದ ಪರೀಕ್ಷೆಗೆ ಕಳಿಸುವ ಎಲೆಯ ಪಕ್ಕದಲ್ಲಿ ಒಂದು ಬಿಳಿಯ ಕಾಗದವನ್ನೂ ಅಳತೆಗೆ ಒಂದು ನಾಣ್ಯವನ್ನೂ ಇಟ್ಟು ಚಿತ್ರ ತೆಗೆಯಬೇಕು. ತೆಗೆದ ಚಿತ್ರವನ್ನು ತಿದ್ದದೆ ಕಳಿಸಬೇಕು. ಕಾಗದ ಇದ್ದರೆ ತಕ್ಕಡಿಯನ್ನು ಸರಿಮಾಡಿಕೊಳ್ಳುವುದು ನೋಡುವವರಿಗೆ ಸುಲಭ.

ಅಂಚುಗಳ ಮೋಸ

ಮಸುಕಾದ ಚಿತ್ರವನ್ನು ಹರಿತಗೊಳಿಸುವ ಶಾರ್ಪನ್ ಎಂಬ ಉಪಕರಣವನ್ನು ಎಲ್ಲರೂ ಮೆಚ್ಚುತ್ತಾರೆ. ಅದರ ನಿಯಮವೂ ಸರಳವೇ: ಒಂದು ಬಿಂದುವು ತನ್ನ ಸುತ್ತಣ ಸರಾಸರಿಗಿಂತ ಎಷ್ಟು ಬೇರೆಯಾಗಿದೆಯೋ, ಅಷ್ಟನ್ನು ಅದಕ್ಕೆ ಇನ್ನೊಮ್ಮೆ ಕೂಡು. ಒಂದು ಸಾಲಿನಲ್ಲಿ ೧೦೦, ೧೦೦, ೧೦೦, ೧೫೦, ೧೫೦, ೧೫೦ ಎಂಬ ಅಂಕಿಗಳಿರಲಿ. ತಾನೂ ಎಡಬಲದ ನೆರೆಯವರೂ ಸೇರಿದ ಮೂವರ ಸರಾಸರಿಯನ್ನು ಹಿಡಿದು ಲೆಕ್ಕ ಹಾಕಿದರೆ ಸಾಲು ೧೦೦, ೧೦೦, ೮೩, ೧೬೭, ೧೫೦, ೧೫೦ ಆಗುತ್ತದೆ. ಅಂಚಿನಲ್ಲಿ ೫೦ ಇದ್ದ ವ್ಯತ್ಯಾಸ ೮೪ ಆಯಿತು. ಕಣ್ಣಿಗೆ ಅಂಚು ಸ್ಪಷ್ಟವಾಯಿತು. ಆದರೆ ೮೩ ಎಂಬ ಕಪ್ಪು ಗೆರೆಯೂ ೧೬೭ ಎಂಬ ಬಿಳಿ ಗೆರೆಯೂ ಮೂಲದಲ್ಲಿ ಇರಲೇ ಇಲ್ಲ.

ಊರಿನ ಜಾತ್ರೆಯ ಚಿತ್ರದಲ್ಲಿ ಇದರಿಂದ ಕೇಡಿಲ್ಲ. ಆದರೆ ಕೆಳದಿಯ ವಸ್ತುಸಂಗ್ರಹಾಲಯದಲ್ಲಿರುವಂಥ ತಾಳೆಗರಿಯ ಗ್ರಂಥವೊಂದರ ಚಿತ್ರವನ್ನು ಹೀಗೆ ಹರಿತಗೊಳಿಸಿದರೇನಾದೀತು? ಪಕಾರಕ್ಕೂ ಷಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಗೆರೆ. ಯಂತ್ರ ಹುಟ್ಟಿಸಿದ ಗೆರೆಯನ್ನು ಲಿಪಿಕಾರನ ಗೆರೆಯೆಂದು ಓದಿದರೆ ಪದವೇ ಬೇರೆಯಾಗುತ್ತದೆ. ಆದುದರಿಂದ ಇಂಥ ಕೆಲಸದಲ್ಲಿ ತಿದ್ದಿದ ಚಿತ್ರವನ್ನು ಮೂಲದೊಡನೆ ಸದಾ ಹೋಲಿಸಿ ನೋಡಬೇಕು.

ಇನ್ನೊಂದು ಮಾತು. ಜೆಪೆಗ್ ಎಂಬ ರೂಪದಲ್ಲಿ ಉಳಿಸಿದ ಚಿತ್ರವನ್ನು ೮ಕ್ಕೆ ೮ರ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ತೋರದ ಸೂಕ್ಷ್ಮಗಳನ್ನು ಕೈಬಿಟ್ಟು ಸಂಕ್ಷೇಪಿಸಿರುತ್ತಾರೆ. ತಿದ್ದಿ ಮತ್ತೆ ಮತ್ತೆ ಉಳಿಸಿದಂತೆಲ್ಲ ಇನ್ನಷ್ಟು ಸೂಕ್ಷ್ಮಗಳು ಬಿಟ್ಟುಹೋಗಬಹುದು. ಮೂಲ ಪ್ರತಿಯನ್ನು ಮುಟ್ಟದೆ ಬೇರೆ ಇಟ್ಟು, ನಕಲನ್ನೇ ತಿದ್ದುವುದು ಮೊದಲನೆಯ ನಿಯಮ.

ಬಾಗಿಲಲ್ಲಿ ನಿಂತವರು

ಈಗ ಹುಡುಗಿಯ ಚಿತ್ರಕ್ಕೆ ಮರಳೋಣ. ಕೆಮರಾವನ್ನು ಕದಲದಂತೆ ನಿಲ್ಲಿಸಿ ಹಳೆಯ ಚಿತ್ರದ ೧೬ ನಕಲುಗಳನ್ನು ತೆಗೆದೆವು. ಅವುಗಳ ಸರಾಸರಿ ಕಂಡು ಕೆಮರಾದ ಏರುಪೇರನ್ನು ತಗ್ಗಿಸಿದೆವು. ಅನಂತರ ಅಂಕಿಗಳನ್ನು ಹಿಗ್ಗಿಸಿ, ವರ್ಗಮೂಲದ ನಿಯಮದಿಂದ ನೆರಳನ್ನು ಎತ್ತಿದೆವು. ಬಾಗಿಲಿನ ಕತ್ತಲೆಯಲ್ಲಿ ಮೆಲ್ಲಗೆ ಒಂದು ಆಕಾರ ಮೂಡಿತು. ಬಾಗಿಲುವಾಡಕ್ಕೆ ಒರಗಿ ನಿಂತ ಹೆಂಗಸು. ತಲೆಯ ಮೇಲೆ ಸೆರಗು. ಕಂಕುಳಲ್ಲಿ ಒಂದು ಕೂಸು. ಕೂಸಿನ ವಿಷಯ ನಮಗೆ ಯಾರೂ ಹೇಳಿರಲಿಲ್ಲ.

ಮುಖ ಮಾತ್ರ ಬರಲಿಲ್ಲ. ಆ ಜಾಗದಲ್ಲಿ ಬಿಂದುವಿನಿಂದ ಬಿಂದುವಿಗೆ ಇದ್ದ ವ್ಯತ್ಯಾಸ ಒಂದು ಅಂಕಿಗೂ ಕಡಿಮೆ. ಕಾಗದದ ಕಣಗಳ ಮತ್ತು ಕಲೆಗಳ ವ್ಯತ್ಯಾಸ ಅದಕ್ಕಿಂತ ಹೆಚ್ಚು. ನಕಲುಗಳ ಸರಾಸರಿಯಿಂದ ಕೆಮರಾದ ಏರುಪೇರು ತಗ್ಗುತ್ತದೆಯೇ ಹೊರತು ಎಲ್ಲ ನಕಲುಗಳಲ್ಲಿಯೂ ಒಂದೇ ಆಗಿರುವ ಕಾಗದದ ಕಲೆ ತಗ್ಗುವುದಿಲ್ಲ. ಅಂದು ಆ ಮುಖದಿಂದ ಹೊರಟ ಬೆಳಕು ಫಿಲ್ಮಿನ ಮೇಲೆ ಗುರುತು ಬಿಡುವಷ್ಟು ಇರಲಿಲ್ಲ, ಇಲ್ಲವೆ ಬಿಟ್ಟ ಗುರುತು ಈ ಕಾಗದದಲ್ಲಿ ಉಳಿದಿಲ್ಲ. ಇಲ್ಲದ ಅಂಕಿಯನ್ನು ಯಾವ ನಿಯಮವೂ ತಂದುಕೊಡಲಾರದು.

ಹುಡುಗಿಗೆ ಸಮಾಧಾನವಾಗಲಿಲ್ಲ. ಮರುದಿನ ಆಕೆ ಕೃತಕ ಬುದ್ಧಿಮತ್ತೆಯ ತಂತ್ರಾಂಶವೊಂದಕ್ಕೆ ಅದೇ ಚಿತ್ರವನ್ನು ಊಡಿದಳು. ಕ್ಷಣಾರ್ಧದಲ್ಲಿ ಮುಖ ಬಂದೇಬಿಟ್ಟಿತು: ತಿದ್ದಿದ ಹುಬ್ಬು, ಹೊಳೆಯುವ ಕಣ್ಣು. ಇಂಥ ಯಂತ್ರವು ಅಸಂಖ್ಯ ಇತರ ಮುಖಗಳನ್ನು ಕಂಡು ಕಲಿತು, ಇಲ್ಲಿ ಇರಬಹುದಾದುದನ್ನು ಊಹಿಸಿ ಬರೆಯುತ್ತದೆ, ಇದ್ದುದನ್ನು ಬೆಳಗಿಸುವುದಿಲ್ಲ. ಭಾನುವಾರ ಎರಡು ಚಿತ್ರಗಳನ್ನೂ ಅಚ್ಚು ಹಾಕಿಸಿಕೊಂಡು ನಾವು ಅಜ್ಜಿಯ ಮನೆಗೆ ಹೋದೆವು.

ಅವರು ಕನ್ನಡಕ ಒರೆಸಿಕೊಂಡು ಹೊಳೆಯುವ ಮುಖವನ್ನು ಬಹಳ ಹೊತ್ತು ನೋಡಿದರು. "ಇದು ನಮ್ಮಮ್ಮನ ಮುಖ ಅಲ್ಲ, ಮೇಷ್ಟ್ರೇ" ಎಂದರು. ಅನಂತರ ಇನ್ನೊಂದನ್ನು ಕೈಗೆತ್ತಿಕೊಂಡರು. ಮಬ್ಬಾದ ಆಕಾರದ ಮೇಲೆ ಬೆರಳಿಟ್ಟು, "ಅಮ್ಮ ನಿಲ್ತಿದ್ದಿದ್ದು ಹೀಗೇ. ಫೋಟೋ ತೆಗೆಯೋರು ಬಂದಾಗ ಅಂಗಳಕ್ಕೆ ಇಳೀಲೇ ಇಲ್ಲ. ಕಂಕುಳಲ್ಲಿರೋದು ನನ್ನ ತಮ್ಮ" ಎಂದರು. ಆ ಚಿತ್ರವನ್ನೇ ಅವರು ಇಟ್ಟುಕೊಂಡರು.

ಕತ್ತಲೆಯ ಕೋಣೆಯಲ್ಲಿ ಫಿಲ್ಮು ತೊಳೆಯುತ್ತಿದ್ದ ಕಾಲದಲ್ಲಿಯೂ ಚಿತ್ರಗಾರರು ಒಂದು ಭಾಗಕ್ಕೆ ಬೆಳಕು ತಡೆದು, ಇನ್ನೊಂದಕ್ಕೆ ಹೆಚ್ಚು ಕೊಟ್ಟು ಚಿತ್ರವನ್ನು ತಿದ್ದುತ್ತಿದ್ದರು. ತಿದ್ದುವುದು ತಪ್ಪಲ್ಲ. ದಾಖಲೆಯಾಗಿ ಉಳಿಯಬೇಕಾದ ಚಿತ್ರದಲ್ಲಿ ಏನನ್ನು ತಿದ್ದಿದೆವೆಂಬುದನ್ನು ಬರೆದಿಡುವುದು, ಮೂಲವನ್ನು ಕಾಪಾಡುವುದು, ಊಹೆಯನ್ನು ಊಹೆಯೆಂದೇ ಕರೆಯುವುದು, ಇಷ್ಟು ಶಿಸ್ತು ಇದ್ದರೆ ಸಾಕು.

ಮಲೆನಾಡಿನ ತೇವದಲ್ಲಿ ಹಳೆಯ ಛಾಯಾಚಿತ್ರಗಳಿಗೆ ಬೂಷ್ಟು ಹಿಡಿಯಲು ಒಂದು ಮಳೆಗಾಲ ಸಾಕು. ಶರಾವತಿಯ ಹಿನ್ನೀರಿನಲ್ಲಿ ಮನೆ ಕಳೆದುಕೊಂಡ ಕುಟುಂಬಗಳ ಪೆಟ್ಟಿಗೆಗಳಲ್ಲಿ ಇಂಥ ಚಿತ್ರಗಳು ಇನ್ನೂ ಇದ್ದಾವು. ಬರುವ ಬೇಸಗೆಯ ರಜದಲ್ಲಿ ನಮ್ಮ ವಿದ್ಯಾರ್ಥಿಗಳು ಅವನ್ನು ಹುಡುಕಿ ತೆಗೆದು, ಕಿಟಕಿಯ ಸಮ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ಬಿಳಿಯ ಕಾಗದವನ್ನಿಟ್ಟು ನಕಲು ಮಾಡಿಕೊಳ್ಳಲಿ. ಚಿತ್ರದಲ್ಲಿ ಇರುವವರು ಯಾರೆಂದು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಹೆಸರುಗಳನ್ನು ಬರೆದಿಡಲಿ. ಅದನ್ನು ಯಾವ ತಂತ್ರಾಂಶವೂ ಅನಂತರ ಹೇಳಿಕೊಡಲಾರದು.